ಬಳಗ ಬಿಡದ ಪೈಲಟ್ ತಿಮಿಂಗಿಲ

ಕಾಪು ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ನೆತ್ತಿಯಿಂದ ಪಶ್ಚಿಮಕ್ಕೆ ನೋಡಿದರೆ ಕಾಣುವ ಸಮುದ್ರವು ದಿಗಂತದವರೆಗೂ ಒಂದೇ ಹಾಸಿನಂತೆ ತೋರಿದರೂ, ನೀರಿನ ಅಡಿಯಲ್ಲಿ ಅದು ಎರಡು ಬೇರೆ ಬೇರೆ ಲೋಕಗಳಾಗಿ ಒಡೆದಿದೆ. ತೀರದಿಂದ ಹತ್ತಾರು ಕಿಲೋಮೀಟರುಗಳವರೆಗೆ ಕಡಲ ತಳವು ಬಹಳ ನಿಧಾನವಾಗಿ ಇಳಿಯುತ್ತ ಸಾಗುತ್ತದೆ. ಭೂಖಂಡದ ಅಂಚು ನೀರಿನಲ್ಲಿ ಮುಳುಗಿ ಉಂಟಾದ ಈ ಅಗಲವಾದ ಜಗಲಿಯನ್ನು ಭೂಗೋಳಶಾಸ್ತ್ರಜ್ಞರು ಖಂಡಾವರಣ ಪ್ರದೇಶ ಎಂದು ಕರೆಯುತ್ತಾರೆ. ಬಂಗುಡೆ, ಬೂತಾಯಿ, ಸೀಗಡಿಗಳು ಕರಾವಳಿಯ ಅಡುಗೆಮನೆಗೆ ಬರುವುದು ಈ ಜಗಲಿಯಿಂದಲೇ. ಆಳವು ಸುಮಾರು 200 ಮೀಟರನ್ನು ಮುಟ್ಟುವಲ್ಲಿ ಜಗಲಿ ಮುಗಿದು, ತಳವು ಕಡಿದಾಗಿ ಜಾರಿ ಸಾವಿರ ಮೀಟರಿನಾಚೆಗೆ ಇಳಿಯುತ್ತದೆ, ಮತ್ತು ಅಲ್ಲಿಂದ ಮುಂದಿನದು ಬೆಳಕು ತಲುಪದ ಆಳಸಮುದ್ರ. ಪೈಲಟ್ ತಿಮಿಂಗಿಲವು ಈ ಎರಡನೆಯ ಲೋಕಕ್ಕೆ ಸೇರಿದ ಪ್ರಾಣಿ. ಜಗಲಿಯ ಅಂಚಿನಲ್ಲಿ, ಲಕ್ಷದ್ವೀಪದ ಸುತ್ತಲಿನ ಆಳದ ನೀರಿನಲ್ಲಿ ಅದರ ಗುಂಪುಗಳು ಬದುಕುತ್ತವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿಗರ ಕಣ್ಣಿಗೆ ಬೀಳುವುದು ತೀರಕ್ಕೆ ಹತ್ತಿರ ವಾಸಿಸುವ ಡಾಲ್ಫಿನ್‌ಗಳೇ ಹೊರತು ಪೈಲಟ್ ತಿಮಿಂಗಿಲವಲ್ಲ. ಹೀಗೆ ದಡದಿಂದ ಇಷ್ಟು ದೂರ ಉಳಿಯುವ ಪ್ರಾಣಿಯೇ, ಜಗತ್ತಿನ ತಿಮಿಂಗಿಲಗಳಲ್ಲೆಲ್ಲ ಅತ್ಯಂತ ಹೆಚ್ಚಾಗಿ ಗುಂಪುಗುಂಪಾಗಿ ದಡಕ್ಕೆ ಬಿದ್ದು ಸಾಯುವ ಪ್ರಾಣಿಯೂ ಆಗಿದೆ ಎಂಬುದು ಕಡಲ ಜೀವಶಾಸ್ತ್ರದ ಬಗೆಹರಿಯದ ಒಗಟುಗಳಲ್ಲಿ ಒಂದು.

ಸಂಸ್ಕೃತ ಮೂಲದ ತಿಮಿಂಗಿಲ ಎಂಬ ಪದಕ್ಕೆ ತಿಮಿ ಎಂಬ ಮಹಾಮತ್ಸ್ಯವನ್ನೂ ನುಂಗುವಂಥದ್ದು ಎಂದು ಅರ್ಥ. ಆದರೆ ತಿಮಿಂಗಿಲವು ಮೀನಲ್ಲ. ಅದು ಶ್ವಾಸಕೋಶದಿಂದ ಉಸಿರಾಡುವ, ಮರಿ ಹಾಕಿ ಹಾಲೂಡಿಸುವ ಸಸ್ತನಿ. ಈ ಸಸ್ತನಿಗಳಲ್ಲಿ ಎರಡು ಪಂಗಡಗಳಿವೆ. ಬಾಯಿಯಲ್ಲಿ ಹಲ್ಲಿನ ಬದಲು ಜರಡಿಯಂತಹ ಫಲಕಗಳಿದ್ದು ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ನೀಲಿ ತಿಮಿಂಗಿಲದಂಥವು ಒಂದು ಪಂಗಡವಾದರೆ, ಹಲ್ಲುಗಳಿದ್ದು ಬೇಟೆಯಾಡುವಂಥವು ಇನ್ನೊಂದು. ಪೈಲಟ್ ತಿಮಿಂಗಿಲವು ಎರಡನೆಯ ಪಂಗಡದಲ್ಲಿ, ಅದರಲ್ಲೂ ಡಾಲ್ಫಿನ್‌ಗಳ ಕುಟುಂಬದಲ್ಲಿ ಬರುತ್ತದೆ. ಗಾತ್ರದ ಕಾರಣದಿಂದ ಮಾತ್ರ ಅದಕ್ಕೆ ತಿಮಿಂಗಿಲವೆಂಬ ಹೆಸರು ಅಂಟಿಕೊಂಡಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗನ್ನು ಒಳಗೆ ನಡೆಸಿ ತರಲು ಅಲ್ಲಿನ ನೀರನ್ನು ಬಲ್ಲ ಪೈಲಟ್ ಹಡಗನ್ನು ಏರುವಂತೆ, ಈ ತಿಮಿಂಗಿಲಗಳ ಗುಂಪನ್ನೂ ದಾರಿ ಬಲ್ಲ ಒಂದು ಪ್ರಾಣಿ ಮುಂದೆ ನಿಂತು ನಡೆಸುತ್ತದೆಂದು ಹಿಂದಿನ ಯುರೋಪಿನ ನಾವಿಕರು ನಂಬಿದ್ದರು, ಮತ್ತು ಆ ನಂಬಿಕೆಯಿಂದಲೇ ಪೈಲಟ್ ಎಂಬ ಹೆಸರು ಹುಟ್ಟಿತು. ಇವುಗಳಲ್ಲಿ ಎರಡು ಪ್ರಭೇದಗಳಿವೆ: ತಂಪು ನೀರಿನಲ್ಲಿ ವಾಸಿಸುವ ಉದ್ದ ಈಜುರೆಕ್ಕೆಯದು ಮತ್ತು ಬೆಚ್ಚನೆಯ ನೀರನ್ನು ಮೆಚ್ಚುವ ಗಿಡ್ಡ ಈಜುರೆಕ್ಕೆಯದು. ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳಲ್ಲಿ ಇರುವುದು ಎರಡನೆಯದು. ಅದರ ವೈಜ್ಞಾನಿಕ ಹೆಸರು ಗ್ಲೋಬಿಸೆಫಾಲ ಮ್ಯಾಕ್ರೊರಿಂಕಸ್, ಇದರ ಮೊದಲ ಪದಕ್ಕೆ ಗುಂಡುತಲೆ ಎಂದೇ ಅರ್ಥ.

ಆ ಗುಂಡುತಲೆಯೇ ಈ ಪ್ರಾಣಿಯನ್ನು ಗುರುತಿಸುವ ಮೊದಲ ಲಕ್ಷಣ. ಗಂಡು ಸುಮಾರು 7 ಮೀಟರ್, ಹೆಣ್ಣು ಸುಮಾರು 5 ಮೀಟರ್ ಉದ್ದಕ್ಕೆ ಬೆಳೆಯುತ್ತದೆ. ತೂಕವು ಒಂದರಿಂದ ಮೂರು ಟನ್‌ಗಳವರೆಗೆ ಇರುತ್ತದೆ. ಮೈ ಕಪ್ಪು ಅಥವಾ ಕಡುಬೂದು. ಬೆನ್ನಿನ ರೆಕ್ಕೆ ಅಗಲವಾಗಿ, ಹಿಂದಕ್ಕೆ ಬಾಗಿ, ಬೆನ್ನಿನ ನಡುಭಾಗಕ್ಕಿಂತ ಸ್ವಲ್ಪ ಮುಂದೆಯೇ ಎದ್ದಿರುತ್ತದೆ. ಹಣೆಯ ಉಬ್ಬಿನಲ್ಲಿ ತುಂಬಿರುವುದು ಮೂಳೆಯಲ್ಲ, ಒಂದು ಬಗೆಯ ಕೊಬ್ಬು. ಮೂಗಿನ ನಾಳದಲ್ಲಿ ಹುಟ್ಟುವ ಟಿಕ್ ಟಿಕ್ ಸದ್ದುಗಳನ್ನು ಈ ಕೊಬ್ಬಿನ ಗಡ್ಡೆಯು, ಮಸೂರವು ಬೆಳಕನ್ನು ಕೂಡಿಸುವಂತೆ, ಒಂದು ಕಿರಿದಾದ ಧಾರೆಯಾಗಿ ಮುಂದಕ್ಕೆ ಹರಿಸುತ್ತದೆ. ಆ ಸದ್ದು ಎದುರಿನ ವಸ್ತುವಿಗೆ ತಾಗಿ ಮರಳಿದಾಗ ಕೆಳದವಡೆಯ ಕೊಬ್ಬಿನ ಮೂಲಕ ಒಳಗಿವಿಗೆ ತಲುಪುತ್ತದೆ, ಮತ್ತು ಪ್ರಾಣಿಯು ಮರುದನಿಯ ಹೊತ್ತು ಹಾಗೂ ಬಲದಿಂದ ವಸ್ತುವಿನ ದೂರ, ಗಾತ್ರ, ಚಲನೆಗಳನ್ನು ಅರಿಯುತ್ತದೆ. ಬಾವಲಿಗಳು ಕತ್ತಲಲ್ಲಿ ಹಾರಲು ಬಳಸುವ ಈ ವಿಧಾನಕ್ಕೆ ಪ್ರತಿಧ್ವನಿ ಗ್ರಹಣ ಎಂದು ಹೆಸರು. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ, ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವುದರಿಂದ, ಬೆಳಕಿಲ್ಲದ ಆಳದಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ದೂರ ನೋಡುತ್ತದೆ ಎನ್ನಬಹುದು. ಇವುಗಳ ಮುಖ್ಯ ಆಹಾರ, ಕರಾವಳಿಯವರು ಬೊಂಡಾಸ ಎಂದು ಕರೆಯುವ ಮೃದ್ವಂಗಿಗಳ ಆಳಸಮುದ್ರದ ಜಾತಿಗಳು. ಆಫ್ರಿಕಾದ ವಾಯವ್ಯಕ್ಕಿರುವ ಟೆನೆರಿಫ್ ದ್ವೀಪದ ಬಳಿ ಪ್ರಾಣಿಗಳ ಮೈಗೆ ಉಪಕರಣ ಅಂಟಿಸಿ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಿಡ್ಡ ಈಜುರೆಕ್ಕೆಯ ತಿಮಿಂಗಿಲಗಳು ಒಂದು ಕಿಲೋಮೀಟರ್ ಆಳದವರೆಗೂ ಮುಳುಗಿ, ಅಲ್ಲಿ ಬೇಟೆಯ ಬೆನ್ನು ಹತ್ತಿ ಸೆಕೆಂಡಿಗೆ 9 ಮೀಟರಿನಷ್ಟು ವೇಗದಲ್ಲಿ ನುಗ್ಗುವುದು ಕಂಡುಬಂತು. ಆ ಸಂಶೋಧಕರು ಇವುಗಳನ್ನು ಆಳಸಮುದ್ರದ ಚೀತಾಗಳೆಂದು ಬಣ್ಣಿಸಿದರು.

ದೇಹರಚನೆಗಿಂತಲೂ ಈ ಪ್ರಾಣಿಯ ಸಮಾಜರಚನೆ ಹೆಚ್ಚು ಗಮನಾರ್ಹವಾದದ್ದು, ಮತ್ತು ದಡಕ್ಕೆ ಬೀಳುವ ಸಂಗತಿಯನ್ನು ತಿಳಿಯಲು ಮೊದಲು ಇದನ್ನೇ ತಿಳಿಯಬೇಕಾಗುತ್ತದೆ. ಹದಿನೈದರಿಂದ ಮೂವತ್ತರವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಪ್ರಾಣಿಗಳಿರುವ ಗುಂಪೊಂದರಲ್ಲಿ ಅಜ್ಜಿ, ಆಕೆಯ ಹೆಣ್ಣುಮಕ್ಕಳು, ಗಂಡುಮಕ್ಕಳು, ಹೆಣ್ಣುಮಕ್ಕಳ ಮರಿಗಳು ಒಟ್ಟಿಗೆ ಇರುತ್ತವೆ. ಹೆಚ್ಚಿನ ಸಸ್ತನಿಗಳಲ್ಲಿ ಪ್ರಾಯಕ್ಕೆ ಬಂದ ಗಂಡು ಹುಟ್ಟಿದ ಗುಂಪನ್ನು ಬಿಟ್ಟು ಹೋಗುತ್ತದೆ, ಇಲ್ಲಿ ಹಾಗಲ್ಲ. ಉತ್ತರ ಅಟ್ಲಾಂಟಿಕಿನ ಫ್ಯಾರೋ ದ್ವೀಪಗಳಲ್ಲಿ ಬೇಟೆಯಾದ ಉದ್ದ ಈಜುರೆಕ್ಕೆಯ ತಿಮಿಂಗಿಲಗಳ ಡಿಎನ್ಎಯನ್ನು ವಿಲಿಯಂ ಆಮೋಸ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಗುಂಪಿನ ಬೆಳೆದ ಗಂಡುಗಳು ತಮ್ಮ ತಾಯಿಯ ಬಳಗದಲ್ಲಿಯೇ ಉಳಿದಿದ್ದವು, ಆದರೆ ಆ ಬಳಗದ ಮರಿಗಳಿಗೆ ಅವು ತಂದೆಯರಾಗಿರಲಿಲ್ಲ. ಬೇರೆ ಬಳಗಗಳು ಎದುರಾದಾಗ ಅಲ್ಲಿನ ಹೆಣ್ಣುಗಳೊಡನೆ ಕೂಡಿ ಮತ್ತೆ ತಾಯಿಯ ಬಳಿಗೇ ಮರಳುತ್ತಿದ್ದವು. ತುಳುನಾಡಿನ ಓದುಗರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸಲಾರದು. ಅಳಿಯಸಂತಾನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಬರಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರುತ್ತಾರೆ, ಒಂದೇ ಬರಿಯವರೊಳಗೆ ಮದುವೆ ಸಲ್ಲದು, ಗಂಡಿನ ಹಕ್ಕುಬಾಧ್ಯತೆಗಳೆಲ್ಲ ಹಿಂದೆ ತಾಯಿಯ ಮನೆಯಲ್ಲಿಯೇ ನೆಲೆಗೊಂಡಿರುತ್ತಿದ್ದವು. ಮನುಷ್ಯರದು ಕಟ್ಟಿಕೊಂಡ ಕಟ್ಟಳೆ, ತಿಮಿಂಗಿಲದ್ದು ಹುಟ್ಟಿನಿಂದ ಬಂದ ನಡವಳಿಕೆ. ಎರಡನ್ನೂ ಒಂದೇ ಎನ್ನುವುದು ಸರಿಯಲ್ಲ. ಆದರೂ ತಾಯಿಯೇ ಬಳಗದ ಬೇರು ಎಂಬ ಮಾತನ್ನು ವಿವರಿಸಲು ಈ ಹೋಲಿಕೆಗಿಂತ ಹತ್ತಿರದ್ದು ಬೇರೊಂದು ಸಿಗುವುದು ಕಷ್ಟ.

ಬಳಗದಲ್ಲಿ ಮುದಿ ಹೆಣ್ಣಿನ ಸ್ಥಾನ ಎಂಥದ್ದೆಂಬುದನ್ನು ಜಪಾನಿನ ತೋಶಿಯೊ ಕಸುಯ ಮತ್ತು ಆಸ್ಟ್ರೇಲಿಯದ ಹೆಲೆನ್ ಮಾರ್ಷ್ 1984ರಲ್ಲಿ ತೋರಿಸಿಕೊಟ್ಟರು. ಜಪಾನಿನ ತೀರದಲ್ಲಿ ಬೇಟೆಯಾದ ಗಿಡ್ಡ ಈಜುರೆಕ್ಕೆಯ ತಿಮಿಂಗಿಲಗಳ ಹಲ್ಲುಗಳನ್ನು ಸೀಳಿ, ಮರದ ಕಾಂಡದ ವರ್ಷವಳಯಗಳಂತೆ ಅವುಗಳಲ್ಲಿ ಕೂಡಿಕೊಂಡ ಪದರಗಳನ್ನು ಎಣಿಸಿ ವಯಸ್ಸನ್ನು ಕಂಡುಹಿಡಿದಾಗ, ಗಂಡುಗಳಲ್ಲಿ ಅತಿ ಹಿರಿಯದಕ್ಕೆ 46 ವರ್ಷವಾಗಿದ್ದರೆ ಹೆಣ್ಣುಗಳಲ್ಲಿ ಅತಿ ಹಿರಿಯದಕ್ಕೆ 63 ವರ್ಷವಾಗಿತ್ತು. 36 ವರ್ಷ ದಾಟಿದ ಯಾವ ಹೆಣ್ಣೂ ಗರ್ಭ ಧರಿಸಿರಲಿಲ್ಲ. ಅಂದರೆ ಗರ್ಭ ಧರಿಸುವುದು ನಿಂತ ಮೇಲೂ ಹೆಣ್ಣು ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಬಲ್ಲದು. ಪ್ರಾಣಿಲೋಕದಲ್ಲಿ ಇದು ಬಹಳ ವಿರಳ. ಮನುಷ್ಯರನ್ನು ಬಿಟ್ಟರೆ ಕೆಲವೇ ಹಲ್ಲುಳ್ಳ ತಿಮಿಂಗಿಲ ಜಾತಿಗಳಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗಿದೆ. ಮರಿ ಹೆರದ ಅಜ್ಜಿಯೊಬ್ಬಳು ಬಳಗಕ್ಕೆ ಭಾರವಾಗದೆ ಬದುಕಿ ಉಳಿದಿದ್ದಾಳೆಂದರೆ ಅವಳಿಂದ ಬಳಗಕ್ಕೆ ಪ್ರಯೋಜನ ಇರಲೇಬೇಕು ಎಂದು ವಿಜ್ಞಾನಿಗಳು ತರ್ಕಿಸುತ್ತಾರೆ. ಹದಿನೈದು ತಿಂಗಳ ಗರ್ಭದ ಬಳಿಕ ಒಂದೇ ಮರಿ ಹುಟ್ಟುತ್ತದೆ, ಮುಂದಿನದಕ್ಕೆ ಐದಾರು ವರ್ಷ ಕಾಯಬೇಕು, ಮತ್ತು ಕೆಲವು ತಾಯಂದಿರು ಕೊನೆಯ ಮರಿಗೆ ಹತ್ತು ವರ್ಷಕ್ಕೂ ಮೀರಿ ಹಾಲೂಡಿಸಿದ ಸೂಚನೆಗಳೂ ಅದೇ ಅಧ್ಯಯನದಲ್ಲಿ ದೊರೆತವು. ಇಷ್ಟು ನಿಧಾನವಾಗಿ ಬೆಳೆಯುವ ಬಳಗವೊಂದು ಒಂದೇ ರಾತ್ರಿಯಲ್ಲಿ ಮರಳಿನ ಮೇಲೆ ಬಿದ್ದು ಅಳಿದಾಗ ಕಳೆದುಹೋಗುವುದು ಎಣಿಕೆಗೆ ಸಿಗುವ ಹೆಣಗಳಷ್ಟೇ ಅಲ್ಲ. ಮೂರು ತಲೆಮಾರುಗಳು ಕೂಡಿ ಕಲಿತ ಕಡಲಿನ ತಿಳಿವಳಿಕೆಯೂ ಅಳಿಯುತ್ತದೆ.

ದಡಕ್ಕೆ ಬೀಳುವುದು ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಆಳದಲ್ಲಿ ಎಲ್ಲೋ ಸತ್ತ ಪ್ರಾಣಿಯ ಕಳೇಬರವು ಅಲೆಗಾಳಿಗೆ ತೇಲಿಬಂದು ದಡ ಸೇರುವುದು ಒಂದು; ರೋಗ, ಗಾಯ ಅಥವಾ ಮುಪ್ಪಿನಿಂದ ನಿತ್ರಾಣವಾದ ಒಂಟಿ ಪ್ರಾಣಿ ಜೀವಂತವಾಗಿ ಬಂದು ಬೀಳುವುದು ಇನ್ನೊಂದು; ತಾಯಿಮರಿಗಳ ಜೋಡಿಯನ್ನು ಹೊರತುಪಡಿಸಿ ಎರಡು ಅಥವಾ ಹೆಚ್ಚು ಪ್ರಾಣಿಗಳು ಒಟ್ಟಿಗೆ ಜೀವಂತವಾಗಿ ಸಿಲುಕುವುದು ಮೂರನೆಯದು, ಇದನ್ನು ಸಾಮೂಹಿಕ ದಡಬೀಳುವಿಕೆ ಎನ್ನುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲನೆಯದು. ಮಳೆಗಾಲದಲ್ಲಿ ನೈಋತ್ಯ ದಿಕ್ಕಿನ ಗಾಳಿ ಕಡಲನ್ನು ದಡದತ್ತ ನೂಕುವಾಗ ಮತ್ತು ಅದರ ನಂತರದ ತಿಂಗಳುಗಳಲ್ಲಿ ಡಾಲ್ಫಿನ್‌ಗಳ, ಬೆನ್ನುರೆಕ್ಕೆಯಿಲ್ಲದ ಕಡಲಹಂದಿಗಳ, ಅಪರೂಪಕ್ಕೆ ದೊಡ್ಡ ತಿಮಿಂಗಿಲಗಳ ಕಳೇಬರಗಳು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಮರಳಿಗೆ ಬಂದು ಬೀಳುತ್ತವೆ. ಪೈಲಟ್ ತಿಮಿಂಗಿಲದ ಹೆಸರನ್ನು ಕುಖ್ಯಾತಿಗೆ ತಂದದ್ದು ಮೂರನೆಯ ಬಗೆ, ಮತ್ತು ಅದನ್ನು ನೋಡಲು ಭಾರತದ ಇನ್ನೊಂದು ತೀರಕ್ಕೆ ಹೋಗಬೇಕು.

ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯಲ್ಲಿ, ತಿರುಚೆಂದೂರಿನ ದಕ್ಷಿಣಕ್ಕೆ, ಮನ್ನಾರ್ ಕೊಲ್ಲಿಯ ಅಂಚಿನಲ್ಲಿ ಮಣಪ್ಪಾಡು ಎಂಬ ಮೀನುಗಾರರ ಊರಿದೆ. ಮರಳುದಿಬ್ಬದ ಮೇಲೆ ನಿಂತ ಹಳೆಯ ಇಗರ್ಜಿಯಿಂದ ಅದು ಹೆಸರುವಾಸಿ. 1973ರ ಜನವರಿಯಲ್ಲಿ ಈ ತೀರದುದ್ದಕ್ಕೆ 147 ಗಿಡ್ಡ ಈಜುರೆಕ್ಕೆಯ ಪೈಲಟ್ ತಿಮಿಂಗಿಲಗಳು ದಡಕ್ಕೆ ಬಿದ್ದವು, ಮತ್ತು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅವುಗಳನ್ನು ಕಂಡು, ಅಳೆದು ವರದಿ ಬರೆದರು. ಆ ವರದಿಯಿಲ್ಲದಿದ್ದರೆ ನಲವತ್ತಮೂರು ವರ್ಷಗಳ ಬಳಿಕ ನಡೆದದ್ದು ಮೊಟ್ಟಮೊದಲ ಸಲದ ವಿಚಿತ್ರವೆಂದೇ ಎಣಿಕೆಯಾಗುತ್ತಿತ್ತು. 2016ರ ಜನವರಿ 11ರ ಸಂಜೆಯಿಂದ ಅದೇ ತೀರದಲ್ಲಿ, ಆಲಂತಲೈನಿಂದ ಮಣಪ್ಪಾಡಿನವರೆಗಿನ ಮರಳಿನ ಮೇಲೆ, ಅದೇ ಪ್ರಭೇದದ 80ಕ್ಕೂ ಹೆಚ್ಚು ಪ್ರಾಣಿಗಳು ಒಂದರ ಹಿಂದೆ ಒಂದರಂತೆ ಬಂದು ಬಿದ್ದವು. ಮೀನುಗಾರರು ಎದೆಮಟ್ಟದ ನೀರಿನಲ್ಲಿ ನಿಂತು ಕೈಯಿಂದ ನೂಕಿದರು, ದೋಣಿಗೆ ಹಗ್ಗ ಕಟ್ಟಿ ಆಳಕ್ಕೆ ಎಳೆದರು. ಬಿಟ್ಟು ಬಂದ ಪ್ರಾಣಿಗಳಲ್ಲಿ ಹಲವು ತಿರುಗಿ ದಡದತ್ತಲೇ ಈಜಿಬಂದವು. ಕೊನೆಗೆ 45 ಪ್ರಾಣಿಗಳು ಸತ್ತು, ತೀರದಲ್ಲಿಯೇ ಗುಂಡಿ ತೋಡಿ ಅವುಗಳನ್ನು ಹೂಳಲಾಯಿತು. ಒಂದೇ ತೀರ, ಒಂದೇ ತಿಂಗಳು, ಒಂದೇ ಪ್ರಭೇದ ಎಂಬ ಹೊಂದಿಕೆಯು ಆಕಸ್ಮಿಕವಾಗಿರಲೂಬಹುದು, ಆದರೆ ನೂಕಿದ ಪ್ರಾಣಿ ಮರಳಿ ಬಂದದ್ದು ಆಕಸ್ಮಿಕವಲ್ಲ.

ಭಾರತದಲ್ಲಿ ಇದಕ್ಕೂ ಹಳೆಯ ದಾಖಲೆಯುಂಟು. 1852ರಲ್ಲಿ ಕೊಲ್ಕತ್ತದ ಹತ್ತಿರದ ಉಪ್ಪುನೀರಿನ ಸರೋವರಗಳಿಗೆ ನುಗ್ಗಿ ಸಿಲುಕಿದ ಪೈಲಟ್ ತಿಮಿಂಗಿಲಗಳನ್ನು ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಎಡ್ವರ್ಡ್ ಬ್ಲೈತ್ ವರ್ಣಿಸಿದ್ದಾನೆ. 2012ರಲ್ಲಿ ಉತ್ತರ ಅಂಡಮಾನಿನ ಎಲಿಜಬೆತ್ ಕೊಲ್ಲಿಯಲ್ಲಿ ಸುಮಾರು 40 ಪ್ರಾಣಿಗಳು ಬಿದ್ದು ಸತ್ತವು. ಹೊರಜಗತ್ತಿನ ಲೆಕ್ಕ ಇನ್ನೂ ದೊಡ್ಡದು. ನದಿಬಾಯಿಗಳ ಬಳಿ ಕಡಲಿಗೆ ಚಾಚಿಕೊಂಡ ಮರಳಿನ ನಾಲಗೆಯನ್ನು ಕರಾವಳಿಯವರು ಬೆಂಗ್ರೆ ಎನ್ನುತ್ತಾರಲ್ಲವೇ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತುದಿಯಲ್ಲಿರುವ ಫೇರ್‌ವೆಲ್ ಸ್ಪಿಟ್ ಅಂಥದೇ ಒಂದು, ಸುಮಾರು 25 ಕಿಲೋಮೀಟರ್ ಉದ್ದದ ಕೊಕ್ಕೆಯಾಕಾರದ ಬೆಂಗ್ರೆ. ಅದರ ಒಳಮಗ್ಗುಲಿನ ಆಳವಿಲ್ಲದ ನೀರಿನಲ್ಲಿ 2017ರ ಫೆಬ್ರವರಿಯಲ್ಲಿ ಒಂದೇ ರಾತ್ರಿ 400ಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಸಿಲುಕಿದವು. ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಮಕ್ವಾರಿ ಹಾರ್ಬರ್ ಎಂಬ ಹಿನ್ನೀರಿನ ಕಿರಿದಾದ ಅಳಿವೆಬಾಗಿಲಿನ ಬಳಿ 2020ರ ಸೆಪ್ಟೆಂಬರಿನಲ್ಲಿ ಸುಮಾರು 470, ಸರಿಯಾಗಿ ಎರಡು ವರ್ಷ ಕಳೆದು 2022ರ ಸೆಪ್ಟೆಂಬರಿನಲ್ಲಿ ಸುಮಾರು 230 ಪ್ರಾಣಿಗಳು ಬಿದ್ದವು. ಇವೆಲ್ಲದರ ನಡುವೆ ನೆಮ್ಮದಿ ಕೊಡುವ ಘಟನೆಯೊಂದು ಶ್ರೀಲಂಕಾದ್ದು. 2020ರ ನವೆಂಬರ್ 2ರಂದು ಕೊಲಂಬೊದ ದಕ್ಷಿಣಕ್ಕಿರುವ ಪಾನದುರದಲ್ಲಿ ನೂರಕ್ಕೂ ಹೆಚ್ಚು ಗಿಡ್ಡ ಈಜುರೆಕ್ಕೆಯ ತಿಮಿಂಗಿಲಗಳು ದಡಕ್ಕೆ ಬಂದಾಗ, ಕೊರೊನಾ ನಿರ್ಬಂಧದ ನಡುವೆಯೂ ಊರಿನ ಜನ, ನೌಕಾಪಡೆ, ಕರಾವಳಿ ಕಾವಲು ಪಡೆಯವರು ಸೇರಿ ರಾತ್ರಿಯಿಡೀ ನೀರಿನಲ್ಲಿ ನಿಂತು ಬೆಳಗಾಗುವಷ್ಟರಲ್ಲಿ ಬಹುತೇಕ ಎಲ್ಲವನ್ನೂ ಆಳಕ್ಕೆ ಮುಟ್ಟಿಸಿದರು, ಸತ್ತವು ಕೆಲವೇ.

ಕಾರಣವೇನು ಎಂಬ ಪ್ರಶ್ನೆ ಎರಡು ಸಾವಿರ ವರ್ಷಗಳಿಗೂ ಹಳೆಯದು. ಡಾಲ್ಫಿನ್‌ಗಳು ಏಕೆ ದಡಕ್ಕೆ ಓಡಿಬರುತ್ತವೆಂಬುದು ತಿಳಿಯದೆಂದು ಗ್ರೀಸಿನ ಅರಿಸ್ಟಾಟಲನೇ ಬರೆದಿಟ್ಟಿದ್ದಾನೆ. ಇಂದಿನ ವಿಜ್ಞಾನವು ಒಂದೇ ಉತ್ತರವನ್ನು ಕೊಡದೆ ಹಲವು ಕಾರಣಗಳ ಕೂಡುವಿಕೆಯನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ತೀರದ ಆಕಾರ. ಆಳಸಮುದ್ರದಲ್ಲಿ ಬಂಡೆ, ಬೇಟೆ, ಕಡಿದಾದ ಇಳಿಜಾರುಗಳಿಗೆ ತಾಗಿದ ಸದ್ದು ಸ್ಪಷ್ಟವಾಗಿ ಮರಳುತ್ತದೆ. ಆದರೆ ಬಹಳ ನಿಧಾನವಾಗಿ ಮೇಲೇರುವ ಮರಳಿನ ತಳಕ್ಕೆ ಓರೆಯಾಗಿ ಬಡಿದ ಸದ್ದು ಹಿಂದಕ್ಕೆ ಬರದೆ ಮುಂದಕ್ಕೆ ಜಾರಿಹೋಗುತ್ತದೆ, ಅಲೆಯೊಡೆದು ಎದ್ದ ಗುಳ್ಳೆಗಳೂ ಕದಡಿದ ಕೆಸರೂ ಉಳಿದದ್ದನ್ನು ನುಂಗಿಬಿಡುತ್ತವೆ, ಹೀಗಾಗಿ ಎದುರಿಗೆ ನೆಲವಿದ್ದರೂ ತಿಮಿಂಗಿಲದ ಕಿವಿಗೆ ಅಲ್ಲಿ ತೆರೆದ ನೀರೇ ಇದ್ದಂತೆ ತೋರಬಹುದು. ಬೊಂಡಾಸದ ಬೆನ್ನು ಹತ್ತಿ ಜಗಲಿಯ ಮೇಲೆ ಬಂದ, ಆಳದ ಬದುಕಿಗೆ ಒಗ್ಗಿದ ಪ್ರಾಣಿಗೆ ಇಂಥ ತೀರವು ಬೋನಿನಂತಾಗುತ್ತದೆ. ಇದರ ಜೊತೆಗೆ ಉಬ್ಬರವಿಳಿತವೂ ಸೇರಿದರೆ, ಅಂದರೆ ಉಬ್ಬರದ ಹೊತ್ತಿನಲ್ಲಿ ಒಳಬಂದ ಗುಂಪಿನ ಕೆಳಗಿನಿಂದ ಇಳಿತದಲ್ಲಿ ನೀರೇ ಹಿಂದೆ ಸರಿದರೆ, ಫೇರ್‌ವೆಲ್ ಸ್ಪಿಟ್‌ನಲ್ಲಿ ಆಗುವಂತೆ ಕಿಲೋಮೀಟರುಗಟ್ಟಲೆ ಮರಳು ತೆರೆದುಕೊಂಡು ಪ್ರಾಣಿಗಳು ಒಣನೆಲದ ಮೇಲೆ ಉಳಿಯುತ್ತವೆ. ಆದರೆ ಮನ್ನಾರ್ ಕೊಲ್ಲಿಯಲ್ಲಿ ಉಬ್ಬರವಿಳಿತದ ಏರಿಳಿತ ಒಂದು ಮೀಟರಿನಷ್ಟೂ ಇಲ್ಲ. ಆದ್ದರಿಂದ ಮಣಪ್ಪಾಡಿನ ದುರಂತವನ್ನು ಇದರಿಂದಷ್ಟೇ ವಿವರಿಸಲಾಗದು.

ಎರಡನೆಯ ಕಾರಣ ಬಳಗದ ಬಂಧ. ಮುಂದಿದ್ದ ಒಂದು ಪ್ರಾಣಿ ರೋಗದಿಂದಲೋ ಹೆರಿಗೆಯ ಸಂಕಟದಿಂದಲೋ ದಡ ಸೇರಿದಾಗ, ಅದರ ಕೂಗಿಗೆ ಓಗೊಟ್ಟು ಉಳಿದವೂ ಹಿಂದೆ ಬರುತ್ತವೆ. 2023ರ ಜುಲೈಯಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 55 ಪೈಲಟ್ ತಿಮಿಂಗಿಲಗಳು ಬಿದ್ದಾಗ, ಅವುಗಳಲ್ಲೊಂದು ಹೆಣ್ಣಿಗೆ ಹೆರಿಗೆ ಕಷ್ಟವಾಗಿದ್ದ ಕುರುಹುಗಳು ಸಿಕ್ಕಿದ್ದು, ಅದನ್ನು ಹಿಂಬಾಲಿಸಿಯೇ ಇಡೀ ಗುಂಪು ಬಂದಿರಬೇಕೆಂದು ಪರೀಕ್ಷೆ ನಡೆಸಿದವರು ಊಹಿಸಿದರು. ಫ್ಯಾರೋ ದ್ವೀಪದವರು ಶತಮಾನಗಳಿಂದ ದೋಣಿಗಳ ಸಾಲು ಕಟ್ಟಿ ಇಡೀ ಹಿಂಡನ್ನು ಕೊಲ್ಲಿಗೆ ಅಟ್ಟಿ ಬೇಟೆಯಾಡುತ್ತಿರುವುದೂ ಇದೇ ಬಂಧದ ಬಲದಿಂದ. ಅಟ್ಟಿದರೂ ಚದುರದೆ ಒತ್ತೊತ್ತಾಗಿ ಸೇರುವ ಪ್ರಾಣಿಯನ್ನು ಮಾತ್ರ ಹಾಗೆ ಹಿಡಿಯಲು ಸಾಧ್ಯ. ಆದರೆ ಈ ವಿವರಣೆಯೂ ಅಷ್ಟು ಸರಳವಲ್ಲ. ನ್ಯೂಜಿಲೆಂಡ್ ಮತ್ತು ಟಾಸ್ಮೇನಿಯಗಳಲ್ಲಿ ದಡಕ್ಕೆ ಬಿದ್ದ ಉದ್ದ ಈಜುರೆಕ್ಕೆಯ ತಿಮಿಂಗಿಲಗಳ ಡಿಎನ್ಎ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಟ್ಟಿಗೆ ಬಿದ್ದವುಗಳಲ್ಲಿ ಒಂದಕ್ಕಿಂತ ಹೆಚ್ಚು ತಾಯಿಬಳಗಗಳು ಬೆರೆತಿದ್ದವು. ಅಷ್ಟೇ ಅಲ್ಲ, ಮರಿಗಳು ತಮ್ಮ ತಾಯಂದಿರ ಪಕ್ಕದಲ್ಲಿರದೆ ದೂರದೂರ ಬಿದ್ದಿದ್ದವು, ಕೆಲವು ಮರಿಗಳ ತಾಯಂದಿರು ಆ ಗುಂಪಿನಲ್ಲಿ ಸಿಗಲೇ ಇಲ್ಲ. ದಡಕ್ಕೆ ಬೀಳುವ ಮೊದಲೇ ಬಳಗಗಳ ನಡುವೆ ಏನೋ ಗೊಂದಲವಾಗಿ ಬಂಧ ಹರಿದಿರಬಹುದು, ಮತ್ತು ಬಂಧವಲ್ಲ, ಬಂಧ ಹರಿದದ್ದೇ ಅನಾಹುತಕ್ಕೆ ದಾರಿಯಾಗಿರಬಹುದು ಎಂಬ ಸಾಧ್ಯತೆಯನ್ನು ಇದು ಮುಂದಿಡುತ್ತದೆ. ಬೇರ್ಪಟ್ಟ ಮರಿಗಾಗಿ ತಾಯಿ ಆಳವಿಲ್ಲದ ನೀರಿನಲ್ಲಿ ಹುಡುಕಾಡುತ್ತ ಉಳಿಯುವುದಾದರೆ ಎರಡು ವಾದಗಳೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ.

ಮನುಷ್ಯನ ಪಾಲು ಎಷ್ಟೆಂಬುದು ಬಿಸಿ ಚರ್ಚೆಯ ವಿಷಯ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೌಕಾಪಡೆಗಳು ಬಳಸುವ ಸೋನಾರ್, ಅಂದರೆ ನೀರಿನೊಳಗೆ ಬಲವಾದ ಸದ್ದು ಹರಿಸಿ ಮರುದನಿ ಕೇಳುವ ಉಪಕರಣವು, ಕೊಕ್ಕಿನಂಥ ಮೂತಿಯ ಆಳಮುಳುಗು ತಿಮಿಂಗಿಲಗಳ ಸಾವಿಗೆ ಕಾರಣವಾದದ್ದು ಹಲವು ಕಡೆ ಗಟ್ಟಿಯಾಗಿ ತಿಳಿದುಬಂದಿದೆ. ಪೈಲಟ್ ತಿಮಿಂಗಿಲಗಳ ವಿಷಯದಲ್ಲಿ ಸಾಕ್ಷ್ಯ ಅಷ್ಟು ನೇರವಾಗಿಲ್ಲ; 2005ರ ಜನವರಿಯಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾ ತೀರದಲ್ಲಿ 33 ಪೈಲಟ್ ತಿಮಿಂಗಿಲಗಳು ಬಿದ್ದ ದಿನಗಳಲ್ಲಿ ಆ ಕಡಲಿನಲ್ಲಿ ಸೋನಾರ್ ಬಳಕೆಯಾಗಿತ್ತಾದರೂ, ತನಿಖೆಯು ಅದನ್ನು ಕಾರಣವೆಂದು ಸಾಬೀತುಪಡಿಸಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಹಾಗೆಂದು ಹಡಗುಗಳ ಯಂತ್ರದ ಸದ್ದಿನಿಂದ, ತೈಲಶೋಧಕ್ಕಾಗಿ ನಡೆಸುವ ಸ್ಫೋಟದಂಥ ಸಮೀಕ್ಷೆಗಳಿಂದ ಕಡಲು ಕಿವುಡಾಗುತ್ತಿರುವುದನ್ನು ಅಲಕ್ಷಿಸುವಂತಿಲ್ಲ. ಕಿವಿಯಿಂದಲೇ ಬದುಕುವ ಪ್ರಾಣಿಗೆ ಸದ್ದು ಎಂದರೆ ಮನುಷ್ಯನ ಕಣ್ಣಿಗೆ ಹೊಗೆ ತುಂಬಿದಂತೆ. ಇನ್ನು, 1852ರ ಘಟನೆ ತೋರಿಸುವಂತೆ, ಈ ಸದ್ದುಗಳು ಹೆಚ್ಚುವುದಕ್ಕೆ ಬಹಳ ಮೊದಲೂ ಪೈಲಟ್ ತಿಮಿಂಗಿಲಗಳು ದಡಕ್ಕೆ ಬೀಳುತ್ತಿದ್ದವು. ಪತ್ರಿಕೆಗಳು ಇಂಥ ಘಟನೆಗಳಿಗೆ ಸಾಮೂಹಿಕ ಆತ್ಮಹತ್ಯೆ ಎಂಬ ತಲೆಬರಹ ಕೊಡುವುದುಂಟು. ಈ ಮಾತನ್ನು ಕೈಬಿಡುವುದು ಒಳ್ಳೆಯದು. ಸಾಯಲು ಬಯಸಿದ ಪ್ರಾಣಿ ಮರಿಯನ್ನು ಕರೆಯುತ್ತಿರಲಾರದು, ಮತ್ತು ದಡದಲ್ಲಿ ಬಿದ್ದ ಪೈಲಟ್ ತಿಮಿಂಗಿಲಗಳು ಉಸಿರಿರುವವರೆಗೂ ಸಿಳ್ಳಿನಂಥ ಸದ್ದಿನಲ್ಲಿ ಒಂದನ್ನೊಂದು ಕರೆಯುತ್ತಲೇ ಇರುತ್ತವೆ.

ಗಾಳಿಯನ್ನೇ ಉಸಿರಾಡುವ ಪ್ರಾಣಿಯು ದಡದಲ್ಲಿ ಏಕೆ ಸಾಯುತ್ತದೆ ಎಂಬ ಸಂದೇಹ ಸಹಜವಾದದ್ದು. ನೀರಿನಲ್ಲಿ ತೇಲುವ ದೇಹಕ್ಕೆ ತನ್ನ ಭಾರವೇ ತಿಳಿಯುವುದಿಲ್ಲ. ನೆಲದ ಮೇಲೆ ಅದೇ ಎರಡು ಟನ್ ಭಾರವು ಶ್ವಾಸಕೋಶವನ್ನೂ ರಕ್ತನಾಳಗಳನ್ನೂ ಒತ್ತುತ್ತದೆ, ಪ್ರತಿಯೊಂದು ಉಸಿರಿಗೂ ಇಡೀ ಮೈಯನ್ನು ಎತ್ತಬೇಕಾಗುತ್ತದೆ. ಒತ್ತಡಕ್ಕೆ ಜಜ್ಜಿಹೋದ ಸ್ನಾಯುಗಳಿಂದ ಒಸರುವ ದ್ರವ್ಯಗಳು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುವುದರಿಂದ, ಮರಳಿ ನೀರಿಗೆ ಬಿಟ್ಟ ಪ್ರಾಣಿಯೂ ಕೆಲವು ದಿನಗಳ ಬಳಿಕ ಸಾಯುವುದುಂಟು. ಇದಕ್ಕಿಂತ ವೇಗವಾಗಿ ಕೊಲ್ಲುವುದು ಬಿಸಿ. ಆಳದ ತಣ್ಣೀರಿಗೆಂದು ಚರ್ಮದಡಿಯಲ್ಲಿ ಬೆಳೆದ ದಪ್ಪನೆಯ ಕೊಬ್ಬಿನ ಪದರವು ದಡದಲ್ಲಿ ಕಂಬಳಿ ಹೊದೆಸಿದಂತಾಗಿ ಒಳಗಿನ ಶಾಖವನ್ನು ಹೊರಬಿಡುವುದಿಲ್ಲ, ಮೇಲಿನ ಕರಿಯ ಚರ್ಮವು ಬಿಸಿಲನ್ನು ಹೀರಿ ಬೊಕ್ಕೆಯೇಳುತ್ತದೆ. ಕರಾವಳಿಯ ಫೆಬ್ರವರಿ, ಮಾರ್ಚಿನ ಮಧ್ಯಾಹ್ನದ ಬಿಸಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮಗ್ಗುಲಾಗಿ ಬಿದ್ದ ಪ್ರಾಣಿಯ ತಲೆಯ ಮೇಲಿನ ಉಸಿರುರಂಧ್ರಕ್ಕೆ ಮರಳೋ, ಏರುವ ಉಬ್ಬರದ ನೀರೋ ನುಗ್ಗಿದರೆ ಅದು ದಡದಲ್ಲಿಯೇ ಮುಳುಗಿ ಸತ್ತಂತೆ ಸಾಯುತ್ತದೆ.

ಈ ಕಾರಣಗಳಿಂದಲೇ ರಕ್ಷಣೆಯ ವಿಧಾನಗಳೂ ಹುಟ್ಟಿವೆ. ಪ್ರಾಣಿಯನ್ನು ಹೊಟ್ಟೆ ಕೆಳಗಾಗಿ ನೇರ ಕೂರಿಸಬೇಕು, ಪಕ್ಕದ ಈಜುರೆಕ್ಕೆಗಳ ಅಡಿಯ ಮರಳನ್ನು ತೋಡಿ ಅವು ಸಡಿಲವಾಗಿ ಜೋಲುವಂತೆ ಮಾಡಬೇಕು, ಉಸಿರುರಂಧ್ರವನ್ನು ಬಿಟ್ಟು ಉಳಿದ ಮೈಗೆ ಒದ್ದೆ ಬಟ್ಟೆ ಹೊದೆಸಿ ನೀರು ಹೊಯ್ಯುತ್ತಿರಬೇಕು, ಬಿಸಿಲಿಗೆ ಮರೆ ಕಟ್ಟಬೇಕು. ಬಾಲಕ್ಕೆ ಹಗ್ಗ ಬಿಗಿದು ಎಳೆಯುವುದು, ಮೈ ಮೇಲೆ ಹತ್ತುವುದು, ಸುತ್ತ ಗದ್ದಲ ಮಾಡುವುದು ಸಲ್ಲದು. ಬಾಲದ ಕೀಲು ಮುರಿದ ತಿಮಿಂಗಿಲ ಈಜಲಾರದು. ಪೈಲಟ್ ತಿಮಿಂಗಿಲಗಳ ವಿಷಯದಲ್ಲಿ ಇದೆಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ: ಒಂದೊಂದಾಗಿ ನೂಕಬಾರದು. ದಡದಲ್ಲಿ ಬಂಧುಗಳು ಕೂಗುತ್ತಿರುವಾಗ ನೀರಿಗೆ ಬಿಟ್ಟ ಒಂಟಿ ಪ್ರಾಣಿ ಮರಳಿ ಬರುತ್ತದೆ, ಮಣಪ್ಪಾಡಿನಲ್ಲಿ ಆದದ್ದು ಅದೇ. ಆದ್ದರಿಂದ ಬದುಕುಳಿದವುಗಳನ್ನೆಲ್ಲ ಉಬ್ಬರ ಏರುವ ಹೊತ್ತಿಗೆ ಆಳವಿಲ್ಲದ ನೀರಿನಲ್ಲಿ ಒಟ್ಟುಗೂಡಿಸಿ, ಅವು ಪರಸ್ಪರರ ಸದ್ದು ಕೇಳಿ ಗುಂಪಾಗುವವರೆಗೂ ಹಿಡಿದು ನಿಂತು, ಬಳಿಕ ದೋಣಿಗಳ ಸಾಲಿನಿಂದ ಹೊರಕ್ಕೆ ದಾಟಿಸಬೇಕು. ಇದಕ್ಕೆ ನೂರಾರು ಕೈಗಳೂ ಅಲೆಯ ಲಯವನ್ನು ಬಲ್ಲ ಕಾಲುಗಳೂ ಬೇಕು. ಇಡೀ ಊರು ದಡದಲ್ಲಿ ನಿಂತು ಒಂದೇ ಉಸಿರಿನಲ್ಲಿ ಬಲೆ ಎಳೆಯುತ್ತಿದ್ದ ರಂಪಣಿಯ ಪರಂಪರೆ, ಮತ್ತು ಅದರ ಕಿರಿಯ ರೂಪವಾಗಿ ಇಂದಿಗೂ ಉಳಿದಿರುವ ಕೈರಂಪಣಿ, ಕಾಪು, ಮಲ್ಪೆ ತೀರದ ಮೊಗವೀರ ಮೀನುಗಾರರಿಗೆ ಕಲಿಸಿದ್ದು ಈ ವಿದ್ಯೆಯನ್ನೇ. ಪರಿಣತರು ಊರಿಗೆ ಬಂದು ತಲುಪುವ ಮೊದಲಿನ ಗಂಟೆಗಳಲ್ಲಿ ಪ್ರಾಣಿಯ ಅಳಿವು ಉಳಿವು ಅವರ ಕೈಯಲ್ಲಿಯೇ ಇರುವುದರಿಂದ, ತರಬೇತಿಯೂ ಮೊದಲು ಅವರಿಗೇ ಸಲ್ಲಬೇಕು.

ಭಾರತದಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಮತ್ತು ದಡಕ್ಕೆ ಬಿದ್ದ ದೊಡ್ಡ ಕಡಲಜೀವಿಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಪರಿಸರ ಸಚಿವಾಲಯವು 2021ರ ಜನವರಿಯಲ್ಲಿ ಹೊರತಂದಿದೆ. ಕರಾವಳಿಯ ಪತ್ರಿಕೆಗಳಲ್ಲಿ ತಿಮಿಂಗಿಲ ಎಂಬ ಪದ ಹೆಚ್ಚಾಗಿ ಕಾಣುವುದು ತಿಮಿಂಗಿಲದ ವಾಂತಿಯೆಂದು ಹೆಸರಾದ ಅಂಬರ್‌ಗ್ರೀಸ್‌ನ ಕಳ್ಳಸಾಗಣೆಯ ಸುದ್ದಿಗಳಲ್ಲಿ. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ವಸ್ತು, ಪೈಲಟ್ ತಿಮಿಂಗಿಲಕ್ಕೂ ಅದಕ್ಕೂ ಸಂಬಂಧವಿಲ್ಲ, ಆದ್ದರಿಂದ ದಡಕ್ಕೆ ಬಂದ ಕಳೇಬರದಲ್ಲಿ ಅದನ್ನು ಹುಡುಕುವುದು ವ್ಯರ್ಥವೂ ಹೌದು, ಅಪರಾಧವೂ ಹೌದು. ಉಡುಪಿ ಜಿಲ್ಲೆಯ ತೀರದಲ್ಲಿ ಉಬ್ಬರವಿಳಿತದ ಏರಿಳಿತ ಒಂದರಿಂದ ಒಂದೂವರೆ ಮೀಟರಿನಷ್ಟೇ ಇರುವುದರಿಂದ ಫೇರ್‌ವೆಲ್ ಸ್ಪಿಟ್‌ನಂಥ ದೊಡ್ಡ ಬೋನುಗಳು ಇಲ್ಲಿಲ್ಲ. ಆದರೆ ಉದ್ಯಾವರ ಹೊಳೆಗೂ ಕಡಲಿಗೂ ನಡುವೆ ಮಲ್ಪೆಯ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಚಾಚಿದ ಕಿರಿದಾದ ನೆಲ, ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆ, ಇವುಗಳ ಮುಂದಿನ ಮರಳಿನ ತಳ ನಿಧಾನವಾಗಿಯೇ ಇಳಿಯುತ್ತದೆ, ಮತ್ತು ಮಣಪ್ಪಾಡಿನ ಅನುಭವವು ದೊಡ್ಡ ಉಬ್ಬರವಿಲ್ಲದ ಕಡೆಯೂ ಅನಾಹುತ ಸಾಧ್ಯವೆಂದು ತೋರಿಸಿದೆ.

ಸದ್ಯಕ್ಕೆ ಇಲ್ಲಿ ಬರುವುದು ಬಹುಮಟ್ಟಿಗೆ ಒಂಟಿ ಕಳೇಬರಗಳೇ. ದುರ್ವಾಸನೆಯಿಂದ ಊರಿಗೆ ತೊಂದರೆಯಾಗುವ ಮೊದಲು ಯಂತ್ರ ತರಿಸಿ ಗುಂಡಿ ತೋಡಿ ಹೂಳುವ ಆತುರ ಅರ್ಥವಾಗುವಂಥದ್ದೇ, ಆದರೆ ಅರಣ್ಯ ಇಲಾಖೆಗೆ ತಿಳಿಸಿ, ಮಂಗಳೂರಿನಲ್ಲಿರುವ ಮೀನುಗಾರಿಕಾ ಕಾಲೇಜು ಅಥವಾ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಒಬ್ಬರು ಬಂದು ನೋಡುವಷ್ಟು ಹೊತ್ತು ಕಾದರೆ ಆ ಹೆಣವು ದಾಖಲೆಯಾಗುತ್ತದೆ. ಮೂತಿಯ ತುದಿಯಿಂದ ಬಾಲದ ಕವಲಿನವರೆಗಿನ ಉದ್ದ, ಈಜುರೆಕ್ಕೆಯ ಉದ್ದ, ಹಣೆಯ ಆಕಾರದ ಚಿತ್ರ, ಡಿಎನ್ಎಗಾಗಿ ಹೆಬ್ಬೆರಳಿನಷ್ಟು ಚರ್ಮ, ಹೊಟ್ಟೆಯಲ್ಲಿ ಕರಗದೆ ಉಳಿದ ಬೊಂಡಾಸದ ಕೊಕ್ಕುಗಳು, ದವಡೆಯಿಂದ ಒಂದು ಹಲ್ಲು, ಇಷ್ಟನ್ನು ತೆಗೆದಿಡಲು ಅರ್ಧ ದಿನ ಸಾಕು. ಆ ಹಲ್ಲನ್ನು ಸೀಳಿ ಪದರಗಳನ್ನು ಎಣಿಸಿದಾಗ, ಕಾಪುವಿನ ಮರಳಿಗೆ ಬಂದು ಬಿದ್ದದ್ದು ಈಗಷ್ಟೇ ತಾಯಿಯ ಹಾಲು ಬಿಟ್ಟ ಮರಿಯೋ, ಅರವತ್ತು ಮಳೆಗಾಲ ಕಂಡ ಅಜ್ಜಿಯೋ ಎಂಬುದು ತಿಳಿಯುತ್ತದೆ.